ಬೆಂಡೋಲೆಯ ಬದಲು ಸ್ಪ್ಯಾನರ್

ನಮ್ಮ ಮನೆಯಲ್ಲಿ ಕಾರಿಗೆ ಒಂದು ಕೋಣೆಯಿತ್ತು, ನನಗೆ ಇರಲಿಲ್ಲ. ಸಾಸ್ತಾನದಿಂದ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ, ಗದ್ದೆಯ ಅಂಚಿಗಿದ್ದ ಆ ಹಂಚಿನ ಮನೆಯಲ್ಲಿ ನಾನು ಅಜ್ಜಿಯ ಪಕ್ಕ ಒಳಜಗುಲಿಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದೆ. ನನ್ನ ಪುಸ್ತಕಗಳು ಅಕ್ಕಿ ಡಬ್ಬಿಗಳ ಸಂದಿಯಲ್ಲಿ, ಬಟ್ಟೆಗಳು ಅಮ್ಮನ ಟ್ರಂಕಿನಲ್ಲಿ. ಕಾರು ಮಾತ್ರ, ಹಿಂದೆ ಎಮ್ಮೆ ಕಟ್ಟುತ್ತಿದ್ದ ಹಟ್ಟಿಗೆ ಸಿಮೆಂಟು ಹಾಕಿಸಿ, ಬಾಗಿಲು ಇಡಿಸಿ ಮಾಡಿದ ಕೋಣೆಯಲ್ಲಿ, ಹಳೆಯ ಹೊದಿಕೆ ಹೊದ್ದುಕೊಂಡು ಒಬ್ಬಂಟಿಯಾಗಿ ಸುಖವಾಗಿತ್ತು. ಮನೆಗೆ ನೆಂಟರು ಬಂದರೆ ಮೊದಲು ಅದನ್ನು ತೋರಿಸುವುದು, ಆಮೇಲೆ ಬೆಲ್ಲ ನೀರು. ಅದನ್ನು ಕೊಂಡವರು ಅಪ್ಪಯ್ಯ. ಬ್ರಹ್ಮಾವರದ ಹೆದ್ದಾರಿ ಪಕ್ಕದಲ್ಲಿ ಅವರದ್ದೊಂದು ಸಣ್ಣ ಹೋಟೆಲು. ಆದರೆ ಅವರು ಹೋಟೆಲಿಗೆ ಹೋಗುತ್ತಿದ್ದುದು ಬೆಳಗಿನ ಮೊದಲ ಬಸ್ಸಿಗೆ. ಕಾರಿನ ಯಜಮಾನಿಕೆ ಅವರ ಅಣ್ಣನದ್ದು, ಅಂದರೆ ನನ್ನ ದೊಡ್ಡಪ್ಪಯ್ಯನದ್ದು. ದೊಡ್ಡಪ್ಪಯ್ಯನಿಗೆ ಕಾರು ಬಿಡಲು ಬರುತ್ತಿರಲಿಲ್ಲ. ಅಪ್ಪಯ್ಯ ಬಿಡುವಾಗ ಅವರು ಮುಂದಿನ ಸೀಟಿನಲ್ಲಿ, ಕಿಟಕಿಗೆ ಮೊಣಕೈ ಊರಿ, ದಾರಿಯಲ್ಲಿ ಸಿಕ್ಕವರಿಗೆಲ್ಲ ತಲೆಯಾಡಿಸುತ್ತ ಕೂರುತ್ತಿದ್ದರು. ಯಾರು ಹತ್ತಬೇಕು, ಎಲ್ಲಿಗೆ ಹೋಗಬೇಕು, ಯಾರ ಮದುವೆಗೆ ಕಾರು, ಯಾರ ಮದುವೆಗೆ ಬಸ್ಸು, ಎಲ್ಲ ಅವರ ಬಾಯಿಂದಲೇ ಬರಬೇಕು.

ದೊಡ್ಡಪ್ಪಯ್ಯ ಕೆಟ್ಟವರಲ್ಲ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ದೊಡ್ಡಮ್ಮ ಬೇಗ ತೀರಿಕೊಂಡಿದ್ದರು, ಅವರ ಒಬ್ಬಳೇ ಮಗಳು ಮದುವೆಯಾಗಿ ಮುಂಬೈಗೆ ಹೋಗಿದ್ದಳು. ಉಳಿದ ಅಕ್ಕರೆಯೆಲ್ಲ ನನ್ನ ಪಾಲಿಗೇ ಬಂದಿತ್ತು. ಬಂಗುಡೆ ಮೀನಿನ ಸಾರು ಮಾಡಿದ ದಿನ ತಮ್ಮ ಬಟ್ಟಲಿನ ದಪ್ಪ ತುಂಡನ್ನು ಎತ್ತಿ ನನ್ನ ತಟ್ಟೆಗೆ ದಾಟಿಸುತ್ತಿದ್ದರು. ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂರುತ್ತಿದ್ದವರು ಅವರೇ. ಆದರೆ ಆ ಪ್ರೀತಿಗೆ ಒಂದು ಬೇಲಿಯಿತ್ತು. ಬೇಲಿಯ ಒಳಗಿದ್ದಷ್ಟು ಹೊತ್ತು ನಾನು ಚಿನ್ನ, ದಾಟಿದರೆ ಹಟಮಾರಿ. ಅಮ್ಮ ನನಗಿಂತ ಮೊದಲೇ ಅದನ್ನು ದಾಟಿದ್ದಳು. ಕೊಯ್ಲಾದ ಗದ್ದೆಯಲ್ಲಿ ಅಪ್ಪಯ್ಯ ಅವಳಿಗೆ ಕಾರು ಬಿಡಲು ಕಲಿಸಿದಾಗ, ದೊಡ್ಡಪ್ಪಯ್ಯ ಜಗುಲಿಯಲ್ಲಿ ನಿಂತು ಕೂಗಿದ್ದು ಹೊಳೆಯಾಚೆಗೂ ಕೇಳಿಸಿರಬೇಕು.

"ಮನಿ ಹೆಂಗ್ಸ್ ಸ್ಟೇರಿಂಗ್ ಹಿಡ್ಕಂಡ್ ಹೋರೆ ಕಂಡವ್ರ್ ಎಂತ ಹೇಳುದಿಲ್ಲೆ? ನಮ್ ಮನಿಯಗೆ ಗಂಡಸ್ರ್ ಇಲ್ಯಾ?"

ಅಮ್ಮ ಗೇರು ಹಾಕಿ ಗದ್ದೆಗೆ ಇನ್ನೊಂದು ಸುತ್ತು ಬಂದಳು. ಲೈಸೆನ್ಸು ಬಂದ ದಿನ ಅದನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿದಳು. ಅಪ್ಪಯ್ಯ ಪಕ್ಕದಲ್ಲಿ ಕೂತಿದ್ದರೆ ಮಾತ್ರ ಅವಳು ಬಿಡಬಹುದು ಎಂಬುದು ಆಮೇಲೆ ಆದ ರಾಜಿ. ಅಪ್ಪಯ್ಯನಿಗೆ ಹೆಂಡತಿಯ ಮೇಲೆ ನಂಬಿಕೆಯಿತ್ತು, ಅಣ್ಣನ ಎದುರು ಬಾಯಿ ಇರಲಿಲ್ಲ. ಎರಡೂ ಒಬ್ಬನೇ ಮನುಷ್ಯನಲ್ಲಿ ಇರಬಹುದು ಎಂದು ನಾನು ಕಲಿತದ್ದು ಅವರನ್ನು ನೋಡಿಯೇ.

ನನಗೆ ಕಾರು ಬಿಡುವ ಹುಚ್ಚಿಗಿಂತ ಅದರ ಹೊಟ್ಟೆಯೊಳಗೆ ಏನಿದೆ ಎಂದು ನೋಡುವ ಹುಚ್ಚು. ಕಾರು ನಿಂತಿತೆಂದರೆ ಕುಂದಾಪುರದಿಂದ ಮೆಕ್ಯಾನಿಕ್ ಬರಬೇಕು, ಅವನು ಬಂದರೆ ಬಂದ. ಬಂದವನು ಬಾನೆಟ್ ಎತ್ತಿ, ಏನನ್ನೋ ತಿರುವಿ, ಚಹಾ ಕುಡಿದು ಹೋಗುತ್ತಿದ್ದ. ಏನು ತಿರುವಿದ ಎಂದು ದೊಡ್ಡಪ್ಪಯ್ಯ ಕೇಳುತ್ತಿರಲಿಲ್ಲ. ಕೇಳಿದರೆ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡಂತಾಗುತ್ತದಲ್ಲ. ನಾನು ಕೇಳುತ್ತಿದ್ದೆ. ಮೆಕ್ಯಾನಿಕ್ ನಕ್ಕು ಹಾರಿಸಿದ ಪ್ರಶ್ನೆಗಳನ್ನೆಲ್ಲ ಗಂಟು ಕಟ್ಟಿಕೊಂಡು ಅಮ್ಮನ ತಮ್ಮ ವಾಸು ಮಾವನ ಹತ್ತಿರ ಒಯ್ಯುತ್ತಿದ್ದೆ. ವಾಸು ಮಾವ ಹಂಗಾರಕಟ್ಟೆಯಲ್ಲಿ ದೋಣಿಗಳಿಗೆ ಎಂಜಿನ್ ಕೂರಿಸುವ ಕೆಲಸದಲ್ಲಿದ್ದ. ದೋಣಿಯ ಎಂಜಿನ್ನಿಗೂ ಕಾರಿನ ಎಂಜಿನ್ನಿಗೂ ಏನು ವ್ಯತ್ಯಾಸ ಎಂದು ಮರಳಿನ ಮೇಲೆ ಚಿತ್ರ ಬರೆದು ಹೇಳುತ್ತಿದ್ದ.

ಹತ್ತನೇ ತರಗತಿ ನಾನು ಚೆನ್ನಾಗಿ ಪಾಸಾದೆ. ಜಗುಲಿಯಲ್ಲಿ ಎಲ್ಲರೂ ಕೂತಿದ್ದಾಗ ದೊಡ್ಡಪ್ಪಯ್ಯ ಖುಷಿಯಲ್ಲಿ ಘೋಷಿಸಿದರು: ಮಗುವಿಗೆ ಬೆಂಡೋಲೆ ಮಾಡಿಸುವುದು. ಅಜ್ಜಿಯ ಮುಖ ಅರಳಿತು. ಕಿವಿಗೆ ಬೆಂಡೋಲೆ ಬಿತ್ತೆಂದರೆ ಮುಂದಿನ ಮಾತು ಏನು ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ನಂಗೆ ಬೆಂಡೋಲೆ ಬ್ಯಾಡ," ಅಂದೆ. "ಸ್ಪ್ಯಾನರ್ ಬೇಕ್. ಕಾರಿನ ಕೆಲ್ಸ ಮಾಡುಕೆ."

ದೊಡ್ಡಪ್ಪಯ್ಯ ಮೊದಲು ನಕ್ಕರು. ನಾನು ನಗದಿದ್ದುದನ್ನು ಕಂಡು ನಿಲ್ಲಿಸಿದರು.

"ಎಂತ? ಗ್ಯಾರೇಜ್ ಇಡ್ತ್ಯಾ?"

"ಇಡುದಾರೆ ಇಡ್ತೆ."

"ಕಾಣ್ ಮಾರಾಯ್ತಿ ಇದ್ರ್ ಬಾಯಿ!" ಅಜ್ಜಿ ಹಣೆಗೆ ಕೈ ಹೊಡೆದುಕೊಂಡಳು. "ಹೆಣ್ಣಿನ್ ಕೈಯಗೆ ಎಣ್ಣಿ ಮಸಿ ಕಂಡ್ರೆ ಯಾರ್ ಕಟ್ಕಂತ್ರ್?"

ನಾನು ಕಿವಿಯಲ್ಲಿದ್ದ ಸಣ್ಣ ಓಲೆಯನ್ನೂ ಬಿಚ್ಚಿ ಜಗುಲಿಯ ಮೆಟ್ಟಿಲ ಮೇಲಿಟ್ಟೆ. ಇದೂ ಬೇಡ ಎಂದೆ. ಹೊಡೆತ ಬೀಳುತ್ತದೆ ಎಂದುಕೊಂಡಿದ್ದೆ, ಬೀಳಲಿಲ್ಲ. ಬಿದ್ದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತೇನೋ. ತೂತು ಮುಚ್ಚಬಾರದೆಂದು ಅಂಗಳ ಗುಡಿಸುವ ಹಿಡಿಸೂಡಿಯ ಕಡ್ಡಿ ಸಿಕ್ಕಿಸಿಕೊಂಡು ಓಡಾಡಿದೆ. ಗುಡಿಗೆ ಹಾಗೆಯೇ ಹೋದೆ. ನೆಂಟರ ಮನೆಯ ಪೂಜೆಗೂ ಹಾಗೆಯೇ ಹೋಗಿ, ಎಲ್ಲರಿಗೂ ಕಾಣುವಂತೆ ಜಡೆಯನ್ನು ಎತ್ತಿ ಕಟ್ಟಿ, ಮುಂದಿನ ಸಾಲಿನಲ್ಲೇ ಕೂತೆ. ಬಂದವರು ಅಜ್ಜಿಯನ್ನು ಕೇಳತೊಡಗಿದರು: ಮಗುವಿನ ಕಿವಿ ಯಾಕೆ ಬರಿದು, ಮನೆಯಲ್ಲಿ ಏನಾದರೂ ತೊಂದರೆಯೇ? ಕೊನೆಗೆ ಸೋತವಳು ಅಜ್ಜಿ.

"ಅದೆಂತ ಕಬ್ಬಿಣ ಬೇಕೋ ತೆಗ್ಸಿ ಕೊಡ್ ಅದಕ್ಕೆ," ಎಂದು ದೊಡ್ಡ ಮಗನಿಗೆ ಹೇಳಿದಳು. "ನಂಗೆ ಊರವ್ರಿಗೆ ಉತ್ರ ಕೊಟ್ಟ್ ಸಾಕಾಯ್ತ್."

ದೊಡ್ಡಪ್ಪಯ್ಯ ಕೊಡಿಸಲಿಲ್ಲ. ವಾಸು ಮಾವ ಕೊಡಿಸುತ್ತೇನೆಂದ. ಆದರೆ ಅಂಗಡಿಗೆ ಕರೆದೊಯ್ಯುವ ಮೊದಲು ತನ್ನ ಸ್ಪ್ಯಾನರುಗಳ ಚೀಲ ನನ್ನ ಮುಂದಿಟ್ಟು, "ಮೊದ್ಲ್ ಕಾರ್ ಕಾಣ್, ಮತ್ತೆ ಅಂಗ್ಡಿ ಕಾಂಬ," ಅಂದ. ನಾನು ಕಾರಿನ ಸುತ್ತ, ಮೇಲೆ, ಕೆಳಗೆ, ಒಂದೊಂದೇ ಬೋಲ್ಟಿಗೆ ಸ್ಪ್ಯಾನರು ಹಿಡಿದು ನೋಡಿದೆ. ಯಾವುದು ಎಲ್ಲಿ ಕೂರುತ್ತದೆ, ಎಲ್ಲಿ ಬಾಯಿ ತೆರೆದ ಸ್ಪ್ಯಾನರು ಜಾರುತ್ತದೆ, ಎಲ್ಲಿ ರಿಂಗ್ ಸ್ಪ್ಯಾನರೇ ಬೇಕು, ಎಲ್ಲಿ ಎರಡಕ್ಕೂ ಜಾಗವಿಲ್ಲದೆ ಉದ್ದ ಹಿಡಿಯ ಬಾಕ್ಸ್ ಸ್ಪ್ಯಾನರು ತೂರಿಸಬೇಕು, ಇವೆಲ್ಲ ಬೆರಳಿಗೆ ಗೊತ್ತಾದವು. ಈಗ ವಾಸು ಮಾವನ ಮೊಮ್ಮಗಳು ಬೈಂದೂರಿನಲ್ಲಿ ಸೆಕೆಂಡ್‌ಹ್ಯಾಂಡ್ ಕಾರು ಕೊಂಡು, ಮೊಬೈಲಿನಲ್ಲಿ ನೂರೆಂಟು ತುಂಡುಗಳ ಪೆಟ್ಟಿಗೆಯೊಂದರ ಚಿತ್ರ ಕಳಿಸಿ ಇದನ್ನು ತರಿಸಲೇ ಎಂದು ಕೇಳಿದರೆ, ನಾನು ಹೇಳುವುದು ಇಷ್ಟೇ. ಮೊದಲು ನಿನ್ನ ಕಾರಿನ ಕೆಳಗೆ ಒಮ್ಮೆ ಮಲಗಿ ನೋಡು. ಅದರಲ್ಲಿ ಅರ್ಧಕ್ಕರ್ಧ ನಿನ್ನ ಕಾರಿನ ಯಾವ ಬೋಲ್ಟಿಗೂ ತಾಗುವುದಿಲ್ಲ. ಹೊಳೆಯುವ ಪೆಟ್ಟಿಗೆ ಕೊಂಡವರು ಹೊಳಪು ಕೆಡಬಾರದೆಂದು ಅದನ್ನು ತೆರೆಯುವುದೇ ಇಲ್ಲ.

ಕುಂದಾಪುರದ ಅಂಗಡಿಯವನು ನನ್ನನ್ನು ನೋಡಲೇ ಇಲ್ಲ. ಮಾವನ ಮುಖ ನೋಡಿ, ಕೆಂಪು ಪೆಟ್ಟಿಗೆಯೊಂದನ್ನು ಕೌಂಟರಿನ ಮೇಲಿಟ್ಟ.

"ಇದ್ ತಕಂಡ್ ಹೋಯ್ನಿ. ಇದ್ರಗೆ ಎಲ್ಲ ಇತ್ತ್."

"ನಂಗೆ ಎಲ್ಲ ಬ್ಯಾಡ," ಅಂದೆ. "ಬಿಡಿ ಸ್ಪ್ಯಾನರ್ ತೋರ್ಸಿ."

ಅವನು ಮತ್ತೂ ಮಾವನನ್ನೇ ನೋಡಿದ. ಮಾವ ಬೀಡಿ ಹಚ್ಚುವ ನೆಪದಲ್ಲಿ ಹೊರಗೆ ಹೋಗಿ ನಿಂತ. ಆಮೇಲೆ ಅಂಗಡಿಯವನಿಗೆ ಬೇರೆ ದಾರಿ ಇರಲಿಲ್ಲ. ಒಂದೊಂದನ್ನೂ ಕೈಯಲ್ಲಿ ಹಿಡಿದು, ತೂಗಿ, ಬಾಯಿಯ ಅಂಚು ನೋಡಿ ಆರಿಸಿದೆ. ಕಾರಿಗೆ ತಾಗುವ ಅಳತೆಯ ರಿಂಗ್ ಸ್ಪ್ಯಾನರುಗಳು, ಎರಡು ಸ್ಕ್ರೂಡ್ರೈವರು, ವಯರು ಕತ್ತರಿಸಲೂ ಬರುವ ಇಕ್ಕಳ, ಪ್ಲಗ್ ಬಿಚ್ಚುವ ಸ್ಪ್ಯಾನರು, ಕರೆಂಟು ಬರುತ್ತಿದೆಯೇ ಎಂದು ನೋಡುವ ಟೆಸ್ಟ್ ಲ್ಯಾಂಪು, ಟೈರಿನ ಗಾಳಿ ಅಳೆಯುವ ಗೇಜು. ಜಾಕ್ ಕಾರಿನಲ್ಲೇ ಇತ್ತು. ಅದರ ಜೊತೆಗೆ ಕಾರನ್ನು ಎತ್ತಿ ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡುಗಳೂ ಬೇಕು ಎಂದೆ. ದುಡ್ಡು ಕೊಡಲು ಒಳಗೆ ಬಂದ ಮಾವನಿಗೂ ನನಗೂ ಅಲ್ಲಿ ಜಗಳವಾಯಿತು. ಅವನು ಸುತ್ತಿಗೆ ತಗೋ, ಸ್ಟ್ಯಾಂಡಿನ ಬದಲು ಕೆಂಪುಕಲ್ಲು ಸಾಕು ಎಂದ. ಕೆಂಪುಕಲ್ಲು ಹೇಗೆ ಒಡೆಯುತ್ತದೆ ಎಂದು ಆ ಊರಿನಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ? ಅದೂ ಅಲ್ಲದೆ ಅಮ್ಮ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು: ಕಲ್ಲಿನ ಮೇಲೆ ಕಾರು ನಿಲ್ಲಿಸಿ ಅದರ ಕೆಳಗೆ ಹೋದರೆ ಎಲ್ಲವನ್ನೂ ಬಾವಿಗೆ ಹಾಕುತ್ತೇನೆ ಎಂದು. ಸುತ್ತಿಗೆ ಬಿಟ್ಟು ಸ್ಟ್ಯಾಂಡು ತಂದೆ. ಅಪ್ಪಯ್ಯನ ಹೋಟೆಲಿನಲ್ಲಿ ಖಾಲಿಯಾದ ಬಿಸ್ಕತ್ತಿನ ತಗಡಿನ ಡಬ್ಬಿ ನನ್ನ ಪೆಟ್ಟಿಗೆಯಾಯಿತು. ಆ ಮಳೆಗಾಲವೆಲ್ಲ ನಾನು ಕಾರಿನ ಕೋಣೆಯಲ್ಲೇ ಇದ್ದೆ. ಎಂಜಿನ್ ಆಯಿಲ್ ಬದಲಿಸಿದೆ, ಪ್ಲಗ್ ಉಜ್ಜಿದೆ, ಬ್ಯಾಟರಿಯ ತುದಿಗೆ ಕಟ್ಟಿದ ಬಿಳಿ ಹುಡಿಯನ್ನು ಬಿಸಿನೀರು ಹೊಯ್ದು ತೊಳೆದೆ. ದೊಡ್ಡಪ್ಪಯ್ಯ ಬಾಗಿಲ ಮುಂದೆ ಕೆಮ್ಮುತ್ತ ಹಾದುಹೋಗುತ್ತಿದ್ದರು, ಒಳಗೆ ಬರುತ್ತಿರಲಿಲ್ಲ. ಬಂಗುಡೆಯ ತುಂಡು ನನ್ನ ತಟ್ಟೆಗೆ ಬರುವುದು ನಿಂತಿತ್ತು.

ಮಳೆ ಬಿಟ್ಟ ಮೇಲೆ ಅಜ್ಜಿಯ ತವರಿನಿಂದ ಸುದ್ದಿ ಬಂತು. ಶಂಕರನಾರಾಯಣದ ಹತ್ತಿರ ಅವಳು ಹುಟ್ಟಿದ ಮನೆಯನ್ನು ಕೆಡವಿ, ಅವಳ ತಮ್ಮ ಮಂಜಯ್ಯಜ್ಜ ಹೊಸ ತಾರಸಿ ಮನೆ ಕಟ್ಟಿಸುತ್ತಾರಂತೆ, ನಾಡಿದ್ದು ಹಂಚು ಇಳಿಸುತ್ತಾರಂತೆ. ಅಜ್ಜಿ ಆ ಮನೆಯ ಹೊಸ್ತಿಲು ತುಳಿಯದೆ ವರ್ಷಗಳಾಗಿದ್ದವು. ದೊಡ್ಡಪ್ಪಯ್ಯನ ಮಗಳ ಮದುವೆಯಲ್ಲಿ ಧಾರೆಯ ಹೊತ್ತಿಗೆ ಮಂಜಯ್ಯಜ್ಜನನ್ನು ಕರೆಯಲಿಲ್ಲವೆಂದು ಅವರು ಊಟ ಮಾಡದೆ ಹೋದರು. ಊಟ ಮಾಡದೆ ಹೋಗಿ ಅವಮಾನ ಮಾಡಿದರೆಂದು ದೊಡ್ಡಪ್ಪಯ್ಯ ಹೋಗಿಬರುವುದನ್ನು ನಿಲ್ಲಿಸಿದರು. ಇಬ್ಬರು ಗಂಡಸರ ಸಿಟ್ಟಿನಲ್ಲಿ ತವರು ಕಳೆದುಕೊಂಡವಳು ಅಜ್ಜಿ. ಮೊಣಕಾಲು ಹಿಡಿದು ಬಸ್ಸಿನ ಮೆಟ್ಟಿಲು ಹತ್ತಲಾರಳು. ಊರಿನ ಬಾಡಿಗೆ ಕಾರಿನವರೆಲ್ಲ ದೊಡ್ಡಪ್ಪಯ್ಯನನ್ನು ಕೇಳದೆ ಬರಲಾರರು. ಆ ರಾತ್ರಿ ಊಟದ ಹೊತ್ತಿಗೆ, ನಾನು ಹುಟ್ಟಿದಂದಿನಿಂದ ಮೊದಲ ಸಲ, ಅಜ್ಜಿ ಮಗನ ಹತ್ತಿರ ಏನನ್ನೋ ಬೇಡುವುದು ಕಂಡೆ.

"ಒಂದ್ ಸಲ ಕಂಡ್ಕಂಡ್ ಬತ್ತೆ ಮಗಾ. ಕೆಡ್ಗಿದ್ ಮೇಲೆ ಎಂತ ಕಾಂಬುದ್?"

"ಆ ಮನಿಗೆ ನಮ್ ಕಾರ್ ಹೋತಿಲ್ಲೆ," ಎಂದರು ದೊಡ್ಡಪ್ಪಯ್ಯ. ಅಪ್ಪಯ್ಯ ತಲೆ ಎತ್ತಲಿಲ್ಲ.

ಮರುದಿನ ಅಪ್ಪಯ್ಯ ಬಸ್ಸಿಗೆ ಹೋದರು, ದೊಡ್ಡಪ್ಪಯ್ಯ ಕೋಟದಲ್ಲಿ ಯಾವುದೋ ಮಾತುಕತೆಯಿದೆಯೆಂದು ಹೊರಟರು. ಕಾರಿನ ಕೀಲಿಕೈ ಗೋಡೆಯ ಮೊಳೆಯಲ್ಲೇ ಇತ್ತು. ಅಮ್ಮ ಅಡುಗೆಮನೆಯಿಂದ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಅದನ್ನು ತೆಗೆದಳು.

"ಅತ್ತೆ, ಸೀರೆ ಉಡಿನಿ. ಹೋಪ."

ಅಜ್ಜಿ ಬೇಡ ಅನ್ನುತ್ತಾಳೆಂದು ನಾನೆಣಿಸಿದೆ. ಅವಳು ಎದ್ದು, ಪೆಟ್ಟಿಗೆ ತೆರೆದು, ಒಳ್ಳೆಯ ಸೀರೆಯನ್ನೇ ಉಟ್ಟಳು. ಹಿಂದಿನ ಸೀಟಿನಲ್ಲಿ ಅವಳನ್ನು ಕೂರಿಸಿ ಅಮ್ಮ ಕೀಲಿ ತಿರುಗಿಸಿದಳು. ಎಂಜಿನ್ ತಿರುಗಿತು, ಹೊತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದಳು. ನಾನು ಇಳಿದು ಬಾನೆಟ್ ಎತ್ತಿದೆ. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿನ ಮುಚ್ಚಳದ ನಡುವಿಗೆ ಹೋಗಬೇಕಾದ ದಪ್ಪ ಕಪ್ಪು ವಯರು ಅಲ್ಲಿರಲಿಲ್ಲ. ಅದಿಲ್ಲದೆ ಯಾವ ಪ್ಲಗ್ಗಿಗೂ ಕಿಡಿ ಹೋಗುವುದಿಲ್ಲ. ತಾನಾಗಿ ಬೀಳುವ ವಯರಲ್ಲ ಅದು. ಯಾರೋ, ಬಂದಾಗಲೆಲ್ಲ ಮೆಕ್ಯಾನಿಕ್ ಅದನ್ನು ಎಳೆದು ನೋಡುವುದನ್ನು ಕಂಡವರು, ಎಳೆದು ತೆಗೆದಿದ್ದರು.

"ಬೆಳಿಗ್ಗೆ ನಿನ್ ದೊಡ್ಡಪ್ಪಯ್ಯ ಒಳ್ಗ್ ಬಂದಿದ್ದ," ಎಂದಳು ಅಜ್ಜಿ ಕಿಟಕಿಯಿಂದ. "ನಾನ್ ಕಂಡಿದ್ದೆ. ಕಾರ್ ಒರ್ಸುಕೆ ಅಂದೇಳಿ ಎಣ್ಸಿದೆ."

ಕೀಲಿಕೈಯನ್ನು ಅಡಗಿಸಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಅದನ್ನು ಗೋಡೆಯಲ್ಲೇ ಬಿಟ್ಟು ಹೋಗಿದ್ದರು. ತೆಗೆದುಕೊಳ್ಳಿ ಬೇಕಾದರೆ, ಏನು ಮಾಡುತ್ತೀರಿ ನೋಡುತ್ತೇನೆ ಎಂಬಂತೆ. ಡಬ್ಬಿ ತಂದು, ಬೇರೇನನ್ನೂ ಬಿಚ್ಚಿಲ್ಲವೇ ಎಂದು ಟೆಸ್ಟ್ ಲ್ಯಾಂಪು ಹಿಡಿದೆ; ಕಾಯಿಲ್‌ವರೆಗೆ ಕರೆಂಟು ಬರುತ್ತಿತ್ತು. ಕಾಣೆಯಾದದ್ದು ಒಂದು ವಯರು ಮಾತ್ರ. ಅಂಥದ್ದೇ ವಯರುಗಳು ನಾಲ್ಕು ಪ್ಲಗ್ಗುಗಳಿಗೂ ಹೋಗುತ್ತವೆ. ಅವುಗಳಲ್ಲಿ ಉದ್ದದ್ದೊಂದನ್ನು ಎಳೆದೆ. ಇಕ್ಕಳದಿಂದ ತುದಿಯ ಟೊಪ್ಪಿ ತಿರುಚಿ ತೆಗೆದು, ರಬ್ಬರು ಸುಲಿದು, ಕಾಯಿಲ್‌ಗೆ ಒಂದು ತುದಿ, ಮುಚ್ಚಳದ ನಡುವಿಗೆ ಇನ್ನೊಂದು ತುದಿ ಸಿಕ್ಕಿಸಿ ಒತ್ತಿದೆ; ಒಂದು ಪ್ಲಗ್ಗು ವಯರಿಲ್ಲದೆ ಉಳಿಯಿತು. ಅಷ್ಟೆಲ್ಲ ಹಟ ಮಾಡಿ ತಂದ ಸ್ಪ್ಯಾನರುಗಳಲ್ಲಿ ಒಂದೂ ಅವತ್ತು ಬೇಕಾಗಲಿಲ್ಲ.

"ಮೂರ್ ಸಿಲಿಂಡರಗೆ ಹೋತ್ತ್," ಎಂದು ಅಮ್ಮನಿಗೆ ಹೇಳಿದೆ. "ನಡುಗತ್ತ್. ಆರೆ ಹೋತ್ತ್."

"ಹೋತ್ತ್ ಅಂದ್ರೆ ಸಾಕ್," ಎಂದಳು ಅಮ್ಮ.

ಹೆದ್ದಾರಿ ಬಿಟ್ಟು ಸಾಯಿಬ್ರಕಟ್ಟೆಯ ಒಳದಾರಿಯಲ್ಲಿ ಹೋದೆವು. ಕಾರು ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಬಸ್‌ಸ್ಟ್ಯಾಂಡುಗಳಲ್ಲಿ ನಿಂತವರು ತಿರುಗಿ ನೋಡಿದರು. ಸ್ಟೇರಿಂಗಿನಲ್ಲಿ ಹೆಂಗಸು, ಪಕ್ಕದಲ್ಲಿ ಕೈ ಮಸಿಯಾದ ಹುಡುಗಿ, ಹಿಂದೆ ರೇಷ್ಮೆ ಸೀರೆಯ ಅಜ್ಜಿ. ನಾನು ಕಿಟಕಿಗೆ ಮೊಣಕೈ ಊರಿ ಎಲ್ಲರಿಗೂ ತಲೆಯಾಡಿಸಿದೆ. ಹಾಲಾಡಿಯ ಹತ್ತಿರದ ಏರಿನಲ್ಲಿ ಕಾರು ಉಸಿರುಗಟ್ಟಿತು. ಅಜ್ಜಿ ಬಾಗಿಲ ಹಿಡಿಗೆ ಕೈ ಹಾಕಿದಳು.

"ನಾನ್ ಇಳ್ದ್ ನಡ್ಕಂಡ್ ಬತ್ತೆ ಹೆಣ್ಣೆ."

"ಕೂಕಣಿ ಅತ್ತೆ!" ಅಮ್ಮ ಅತ್ತೆಗೆ ದನಿಯೇರಿಸಿದ್ದು ಅದೇ ಮೊದಲು. ಫಸ್ಟ್ ಗೇರಿಗೆ ಹಾಕಿ, ಹಲ್ಲು ಕಚ್ಚಿಕೊಂಡು, ಎತ್ತಿನ ಗಾಡಿಯಷ್ಟು ಮೆಲ್ಲಗೆ ಹತ್ತಿಸಿದಳು. ಹಿಂದೆ ಲಾರಿಯೊಂದು ಹಾರ್ನ್ ಹೊಡೆಯುತ್ತಲೇ ಇತ್ತು. ಹೊಡೆಯಲಿ ಎಂದು ಬಿಟ್ಟೆವು.

ಮಂಜಯ್ಯಜ್ಜ ಅಂಗಳದಲ್ಲೇ ನಿಂತಿದ್ದರು. ಅಕ್ಕನನ್ನು ನೋಡಿ ಒಂದು ಹೆಜ್ಜೆ ಮುಂದೆ ಬಂದವರು ಅಲ್ಲೇ ನಿಂತು, ಕಾರಿನೊಳಗೆ ಬಗ್ಗಿ ನೋಡಿದರು.

"ನಿನ್ ಮಗ ಬರ್ಲಿಲ್ಯಾ?"

"ನಾನ್ ಬಂದದ್ ಸಾಕಾತಿಲ್ಯಾ ನಿಂಗೆ?" ಎಂದಳು ಅಜ್ಜಿ. "ದಾರಿ ಬಿಡ್. ನನ್ ಮನಿ ಕಾಣ್ಕ್ ನಂಗೆ."

ಅವರು ದಾರಿ ಬಿಟ್ಟರು. ಸಾಮಾನೆಲ್ಲ ಸಾಗಿಸಿ ಖಾಲಿಯಾಗಿದ್ದ ಆ ಮನೆಯಲ್ಲಿ ಅಜ್ಜಿ ಗೋಡೆ ಹಿಡಿದುಕೊಂಡು ಒಂದೊಂದೇ ಕೋಣೆಗೆ ಹೋಗಿ ಹೇಳುತ್ತಿದ್ದಳು: ಇಲ್ಲಿ ಅಬ್ಬೆ ಭತ್ತ ಕುಟ್ಟುತ್ತಿದ್ದಳು, ಇಲ್ಲಿ ನನ್ನ ಅಕ್ಕ ಹಾವು ಕಂಡು ಕಿರುಚಿದ್ದು, ಈ ಕಿಟಕಿಯಲ್ಲಿ ಕೂತು ನಾನು ಶಾಲೆಗೆ ಹೋಗುವ ತಮ್ಮನನ್ನು ನೋಡುತ್ತಿದ್ದೆ, ನನ್ನನ್ನು ಕಳಿಸಲಿಲ್ಲ. ಆ ಕೊನೆಯ ಮಾತನ್ನು ಹೇಳುವಾಗ ಅವಳು ಅಳಲಿಲ್ಲ. ನನ್ನ ಮಸಿಯಾದ ಕೈಯನ್ನು ಎಳೆದುಕೊಂಡು, ಆ ಒಳ್ಳೆಯ ಸೀರೆಯ ಸೆರಗಿನಿಂದಲೇ ಒರೆಸಿದಳು. ಕಪ್ಪು ಕಲೆ ಸೆರಗಿನಲ್ಲಿ ಉಳಿಯಿತು. ಮಂಜಯ್ಯಜ್ಜ ಬಾಗಿಲಲ್ಲಿ ನಿಂತು, ಊಟ ಮಾಡಿಕೊಂಡೇ ಹೋಗಬೇಕು ಎಂದು ಯಾರಿಗೋ ಹೇಳುವಂತೆ ಹೇಳಿದರು. ಮಾಡಿದೆವು.

ನಾವು ಮರಳಿದಾಗ ಹೊತ್ತು ಕಂತಿತ್ತು. ದೊಡ್ಡಪ್ಪಯ್ಯ ಅಂಗಳದಲ್ಲಿ ಕಾಯುತ್ತಿದ್ದರು. ಕಾರು ನಡುಗುತ್ತ ಒಳಗೆ ಬಂದದ್ದನ್ನು ನೋಡಿ ಅವರ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ವಯರು ಅಲ್ಲೇ ಇದೆಯೇ ಎಂದು ಮುಟ್ಟಿ ನೋಡಿಕೊಂಡರು.

"ಯಾರನ್ ಕೇಂಡ್ ಹೋದ್ರಿ?"

"ವಯರ್ ತೆಗುಕೆ ನೀವ್ ಯಾರನ್ ಕೇಂಡ್ರಿ ದೊಡ್ಡಪ್ಪಯ್ಯ?" ಎಂದೆ. "ಏರಗೆ ನಿಂತಿದ್ರೆ? ಅಜ್ಜಿ ಇತ್ತ್ ಅದ್ರಗೆ."

"ಆ ಡಬ್ಬಿ ನಾಳೆ ಈ ಮನಿಯಗೆ ಇಪ್ಪುಕಾಗ," ಎಂದು ಅವರು ಒಳಗೆ ಹೋದರು. ಅಜ್ಜಿ ಮಗನ ಹಿಂದೆಯೇ ಹೋಗಿ, ಅವರಿಗೆ ಕೇಳುವಂತೆ, "ಡಬ್ಬಿ ಹೋರೆ ನಾನೂ ಹೋತೆ. ತಮ್ಮ ಬಾ ಅಂದಿದ್ದ," ಎಂದಳು.

ಅಪ್ಪಯ್ಯ ಬ್ರಹ್ಮಾವರದಿಂದ ಬರುವಷ್ಟರಲ್ಲಿ ಸುದ್ದಿ ಅವರಿಗೆ ದಾರಿಯಲ್ಲೇ ಸಿಕ್ಕಿತ್ತು. ಕೈಕಾಲು ತೊಳೆದು ಬಂದು ಅಣ್ಣನ ಪಕ್ಕದ ಮಣೆಯ ಮೇಲೆ ಕೂತರು. ಅಮ್ಮ ಕುಚ್ಚಲಕ್ಕಿ ಅನ್ನ, ಹುರುಳಿ ಸಾರು ಬಡಿಸಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಪ್ಪಯ್ಯ ಈಗ ಬೈಯುತ್ತಾರೆ, ಕನಿಷ್ಠ ಅಣ್ಣನ ಸಮಾಧಾನಕ್ಕಾದರೂ ಬೈಯುತ್ತಾರೆ ಎಂದು ಎಲ್ಲರೂ ಕಾದರು. ಅವರು ಅನ್ನ ಕಲಸುತ್ತ, ನನ್ನ ಕಡೆ ತಿರುಗಿ ಕೇಳಿದರು:

"ಹಾಲಾಡಿ ಏರ್ ಯಾವ ಗೇರಗೆ ಹತ್ಸಿದ್ರಿ?"

"ಫಸ್ಟಗೆ."

"ಹ್ಞಾಂ," ಎಂದರು. "ಮೂರ್ ಸಿಲಿಂಡರಗೆ ಫಸ್ಟೇ ಸಮ."

ದೊಡ್ಡಪ್ಪಯ್ಯ ಅರ್ಧ ಊಟದಲ್ಲಿ ಎದ್ದರು. ನಮ್ಮ ಮನೆಯಲ್ಲಿ ಹಿರಿಯರು ಎದ್ದರೆ ಉಳಿದವರೂ ಎದ್ದು ಕೈ ತೊಳೆಯಬೇಕು. ಆ ಮನೆ ಕಟ್ಟಿದಂದಿನಿಂದ ಅದು ಹಾಗೇ ನಡೆದಿತ್ತು. ದೊಡ್ಡಪ್ಪಯ್ಯ ಬಾಗಿಲ ಹತ್ತಿರ ನಿಂತು ತಮ್ಮನಿಗಾಗಿ ಕಾದರು. ಅಪ್ಪಯ್ಯನ ಕೈ ಒಂದು ಗಳಿಗೆ ತಟ್ಟೆಯ ಮೇಲೆ ನಿಂತಿತು. ಕಿವಿಯವರೆಗೂ ಅವರ ಮುಖ ಕೆಂಪಾಗಿದ್ದು ನನಗೆ ಕಾಣುತ್ತಿತ್ತು. ಆಮೇಲೆ ಅವರು ಬಗ್ಗಿ, ಅಮ್ಮನಿಗೆ ತಟ್ಟೆ ಮುಂದೆ ಮಾಡಿದರು.

"ಇನ್ನೊಂದ್ ಸೌಟ್ ಸಾರ್ ಹಾಕ್."

ನಾನು ಒಳಗಿನಿಂದ ನನ್ನ ತಟ್ಟೆ ತಂದೆ. ಖಾಲಿಯಾದ ಮಣೆಯ ಮೇಲೆ, ಅಪ್ಪಯ್ಯನ ಪಕ್ಕದಲ್ಲಿ, ಊಟಕ್ಕೆ ಕೂತೆ.